ಹದಿನಾರನೆಯ ಮಣಿ

ಹನ್ನೊಂದು ದಿನದಿಂದ ಅಪ್ಪ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ಮಾತಿಲ್ಲ, ಬಲಗೈ ಆಡದು. ಅಪ್ಪನಿಗೆ ಏನೂ ತಿಳಿಯುತ್ತಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಮೂಗಿಗೆ ಹಾಕಿದ್ದ ನಳಿಕೆಯಲ್ಲೇ ಗಂಜಿ ಹೋಗುತ್ತಿತ್ತು. ನಾಳೆ ಬೆಳಿಗ್ಗೆ ನರ್ಸ್ ಬಂದು ಅದನ್ನು ತೆಗೆಯುವುದೆಂದು ಅಣ್ಣ ಅಶೋಕ್ ತೀರ್ಮಾನಿಸಿಯಾಗಿತ್ತು. ಚನ್ನಪಟ್ಟಣಕ್ಕೆಲ್ಲ ಲೆಕ್ಕ ಕಲಿಸಿದ ಮುನಿಶಾಮಯ್ಯ ಮೇಷ್ಟ್ರು ಕೊರಡಲ್ಲ ಎಂದು ನಾನು ಎಲ್ಲರೆದುರು ಜಗಳವಾಡಿದ್ದೆ. ನನ್ನದು ಮೊದಲಿಂದಲೂ ಮೊಂಡು ಹಟ.

ಅಪ್ಪನಿಗೆ ಒಂದು ಸಂಖ್ಯೆಯ ಹುಚ್ಚಿತ್ತು. ಒಂದನ್ನು ಹದಿನೇಳರಿಂದ ಭಾಗಿಸಿದರೆ ದಶಮಾಂಶದ ಆಚೆ ಮತ್ತೆ ಮತ್ತೆ ಬರುವ ಅಂಕಿಗಳ ಸಾಲು ಅದು. ಬಳೆಯಂತೆ ಸುತ್ತ ಬರೆದು ಎರಡರಿಂದ ಗುಣಿಸಿ, ಮೂರರಿಂದ ಗುಣಿಸಿ, ಅವೇ ಅಂಕಿಗಳು ಅದೇ ಸಾಲಿನಲ್ಲಿ ಬರುತ್ತವೆ. ಶುರುವಾಗುವ ಜಾಗ ಮಾತ್ರ ಬೇರೆ.

ಬೊಂಬೆ ಕಡೆಯುವ ಇಸ್ರಾರ್ ಅಪ್ಪನ ಹಳೆಯ ಶಿಷ್ಯ. ಅಪ್ಪನಿಗೆ ಬುದ್ಧಿ ಇದೆಯೆಂದು ತೋರಿಸಲು ಅವನಿಗೆ ಫೋನಿನಲ್ಲಿ ಆ ಸಂಖ್ಯೆ ಹೇಳಿದೆ: 588235294117647. ಮಧ್ಯಾಹ್ನಕ್ಕೆ ಒಂದೊಂದು ಅಂಕಿಗೂ ಒಂದೊಂದು ಮರದ ಮಣಿ ಮಾಡಿ, ಮೇಲೆ ಅಂಕಿ ಕೊರೆದು, ಬಳೆಯಾಗಿ ಪೋಣಿಸಿ ತಂದ.

ಅಪ್ಪನ ಎಡಗೈಗೆ ಕೊಟ್ಟೆ. "ಅಪ್ಪ, ಎರಡ್ರಿಂದ ಗುಣಿಸಿದ್ರೆ ಎಲ್ಲಿಂದ ಶುರು ಆಯ್ತದೆ?"

ಅವರ ಬೆರಳು ಏಳಕ್ಕೂ ಐದಕ್ಕೂ ನಡುವಿನ ದಾರವನ್ನು ಕೆರೆಯಿತು. ಮತ್ತೆ ಕೇಳಿದೆ, ಮತ್ತೆ ಅಲ್ಲೇ ಕೆರೆದರು. ಕೊನೆಗೆ ಬಳೆಯನ್ನೇ ಆಚೆ ನೂಕಿದರು.

"ಸಾಕು ಕಣೇ ರಮ್ಯಾ," ಎಂದ ಅಣ್ಣ. "ಕೈ ತಾನಾಗೇ ಆಡ್ತೈತೆ ಅಷ್ಟೆ. ಸುಮ್ಕೆ ಅವ್ರಿಗೂ ಹಿಂಸೆ, ನಿಂಗೂ ಹಿಂಸೆ."

ಇಸ್ರಾರ್ ಬಳೆ ಎತ್ತಿಕೊಂಡು ಮಣಿ ಎಣಿಸಿದ. "ಅಕ್ಕ, ಎದುರುಬದುರು ಮಣಿ ಕೂಡಿದ್ರೆ ಒಂಬತ್ತು ಬರ್ಬೇಕು ಅಂತಿದ್ರು ಮೇಷ್ಟ್ರು. ಇಲ್ಲಿ ಹದಿನೈದೇ ಅವೆ. ಎದುರುಬದುರು ಎಲ್ಲಿಂದ ಬತ್ತದೆ?"

ಮನಸ್ಸಿನಲ್ಲೇ ಮತ್ತೆ ಭಾಗಿಸಿ ನೋಡಿದೆ. ಆ ಭಾಗಾಕಾರದಲ್ಲಿ ದಶಮಾಂಶದ ಆಚೆ ಮೊದಲು ಬರುವುದು ಸೊನ್ನೆ. ಅಂಕಿಗಳ ಎಡಕ್ಕಿರುವ ಸೊನ್ನೆಗೆ ಬೆಲೆಯಿಲ್ಲವೆಂದು ಬಿಟ್ಟುಬಿಟ್ಟಿದ್ದೆ, ಲೆಕ್ಕದ ಮೇಷ್ಟ್ರ ಮಗಳು ನಾನು. ಅದರ ಜಾಗ ಏಳಕ್ಕೂ ಐದಕ್ಕೂ ನಡುವೆ.

ಇಸ್ರಾರ್ ಸ್ಕೂಟರಿನಲ್ಲಿ ಓಡಿಹೋಗಿ ಸೊನ್ನೆಯ ಮಣಿ ಮಾಡಿ ತಂದ. ಅದರ ಅರಗಿನ ಬಣ್ಣ ಇನ್ನೂ ಬೆಚ್ಚಗಿತ್ತು. ಪೋಣಿಸಿ ಅಪ್ಪನ ಕೈಗಿಟ್ಟೆ.

ಆ ಬಳೆಯಲ್ಲಿ ಎರಡು ಒಂದುಗಳು ಅಕ್ಕಪಕ್ಕ ಇವೆ. ಎರಡರಿಂದ ಗುಣಿಸಿದರೆ ಮೊದಲನೆಯ ಒಂದರಿಂದ ಶುರು, ಮೂರರಿಂದಾದರೆ ಅದರ ಪಕ್ಕದ್ದರಿಂದ. ಸುಮ್ಮನೆ ಆಡುವ ಕೈಗೆ ಇದು ಗೊತ್ತಿರುವುದಿಲ್ಲ.

"ಎರಡು?" ಎಂದೆ. ಬೆರಳು ಒಂದೊಂದೇ ಮಣಿ ದಾಟಿ ಮೊದಲನೆಯ ಒಂದರ ಮೇಲೆ ನಿಂತಿತು.

"ಮೂರು?" ಪಕ್ಕದ ಒಂದಕ್ಕೆ ಸರಿಯಿತು.

ಅಣ್ಣ ನರ್ಸಿಗೆ ಫೋನ್ ಮಾಡಿ ಬರುವುದು ಬೇಡವೆಂದ. ಆಮೇಲೆ ಅಪ್ಪನ ಕಾಲು ಹಿಡಿದುಕೊಂಡು ಅತ್ತ. ನನಗೆ ಅಳಲೂ ಧೈರ್ಯ ಬರಲಿಲ್ಲ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಹನ್ನೊಂದು ದಿನವೂ ಅವರಿಗೆ ಎಲ್ಲ ಕೇಳಿಸಿತ್ತು. ನಿನ್ನೆ ಮೈ ಒರೆಸುವಾಗ, ಯಾರೂ ಇಲ್ಲದ್ದು ನೋಡಿ, ನಾನು ಅವರ ಕಿವಿಯ ಹತ್ತಿರ ಬಗ್ಗಿ, "ನನ್ ಕೈಲಿ ಆಗಕ್ಕಿಲ್ಲ, ಹೋಗ್ಬುಡಪ್ಪ" ಎಂದಿದ್ದೆ.