ಅಳಿಲು ಕಚ್ಚಿಟ್ಟ ಹಣ್ಣು

ನಾದಿನಿ ಊಟಕ್ಕೆ ಕೂತು ಅಳಿಲನ್ನು ಬೈಯಲು ಶುರುಮಾಡಿದಾಗಲೆಲ್ಲ ಅತ್ತಿಗೆ ಎದ್ದು ನೀರು ತರಲು ಒಳಗೆ ಹೋಗುತ್ತಿದ್ದಳು. ಮೇಜಿನ ಮೇಲಿನ ಜಗ್ಗು ತುಂಬಿಯೇ ಇರುತ್ತಿತ್ತು. ಅದನ್ನು ಯಾರೂ ಗಮನಿಸಿಲ್ಲ ಎಂದು ಅವಳು ನಂಬಿದ್ದಳು, ಗಮನಿಸಿರಬಹುದು ಎಂದು ಹೆದರುತ್ತಲೂ ಇದ್ದಳು.

"ಇವತ್ತೂ ಅದೇ ಉತ್ತರ ಅತ್ತಿಗೆ," ನಾದಿನಿಯ ದನಿ ಅಡುಗೆಮನೆಯವರೆಗೂ ಹಿಂಬಾಲಿಸಿ ಬಂತು. "'ಇನ್ನೇನು ಮುಗೀತು' ಅಂತೆ. ನಮ್ಮ ದರ್ಜಿನೂ ಇಷ್ಟು ಸಲ ಹೇಳಿರಲ್ಲ."

"ಯಾರೇ ಅದು ಅಳಿಲು?" ಗಂಡ ಕೇಳಿದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಂಗಿಯ ಸಿಟ್ಟಿಗೆ ಸ್ವಲ್ಪ ಎಣ್ಣೆ ಬಿಟ್ಟು ಅದು ಹೇಗೆ ಓಡುತ್ತದೆಂದು ನೋಡುವುದು ಅವನಿಗೆ ಖುಷಿ.

"ಯಾರಿಗ್ಗೊತ್ತು. ಆ ಇಂಟರ್ನೆಟ್ ತಾಣದಲ್ಲಿ ಯಾರಿಗೂ ಮುಖ ಇಲ್ಲ, ಬರೀ ಅಡ್ಡಹೆಸರು."

"ಪಾಪ, ಅಳಿಲು ಸೇವೆ ಮಾಡೋಣ ಅಂತ ಬಂದಿರಬೇಕು."

"ಸೇವೆನಂತೆ. ಮರಳು ಹೊತ್ತ ಅಳಿಲಲ್ಲ ಅಣ್ಣ ಇದು. ಹಣ್ಣು ಕಚ್ಚಿ ಅಲ್ಲೇ ಬಿಟ್ಟು ಹೋಗೋ ಅಳಿಲು. ತಾನೂ ತಿನ್ನಲ್ಲ, ಇನ್ನೊಬ್ಬರು ಮುಟ್ಟೋ ಹಾಗೂ ಇಲ್ಲ."

ಅಡುಗೆಮನೆಯಲ್ಲಿ ಅಳಿಲು ನಲ್ಲಿ ತಿರುಗಿಸಿ, ತುಂಬಿದ ಲೋಟದ ಮೇಲೆ ಇನ್ನಷ್ಟು ನೀರು ಬಿಟ್ಟಳು.

ಕೆಟ್ಟ ಉದ್ದೇಶದಿಂದ ಶುರುವಾದದ್ದಲ್ಲ ಅದು. ನಾದಿನಿ ಅಂಧ ಮಕ್ಕಳ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಮಕ್ಕಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲಿನದನ್ನು ಯಂತ್ರ ಓದಿ ಹೇಳಿದಂತೆ ಕೇಳುತ್ತ ಪ್ರೋಗ್ರಾಂ ಬರೆಯುತ್ತಿದ್ದರು. ಅವರಿಗಾಗಿ ಅವಳು ಆರಿಸಿಕೊಂಡದ್ದು ಹರಳು ಎಂಬ ಪ್ರೋಗ್ರಾಮಿಂಗ್ ಭಾಷೆ. ಅದಕ್ಕೆ ಒಡೆಯರಿಲ್ಲ. ಬೇರೆ ಬೇರೆ ಊರುಗಳಲ್ಲಿ ಕೂತ ಕೆಲವರು ಬಿಡುವಿನಲ್ಲಿ, ಸಂಬಳವಿಲ್ಲದೆ ಕಟ್ಟಿ ಬೆಳೆಸುತ್ತಿದ್ದ ಭಾಷೆ. ಚಿಕ್ಕದು, ಚೊಕ್ಕದು, ಹೇಳಿದ್ದು ಕಿವಿಗೆ ಸಲೀಸು. ಒಂದೇ ಒಂದು ಕೊರತೆಯಿತ್ತು. ಪ್ರೋಗ್ರಾಂನಲ್ಲಿ ಏನಾದರೂ ತಪ್ಪಾದರೆ ಅದು ಎಷ್ಟನೇ ಸಾಲಿನಲ್ಲಿದೆ ಎಂದು ಹರಳು ಹೇಳಬೇಕು. ಆದರೆ ಮೇಲೆಲ್ಲೋ ಒಂದು ವಾಕ್ಯ ಮೂರು ನಾಲ್ಕು ಸಾಲಿಗೆ ಹರಡಿದ್ದರೆ ಅದನ್ನೆಲ್ಲ ಸೇರಿಸಿ ಒಂದೇ ಸಾಲೆಂದು ಎಣಿಸಿಬಿಡುತ್ತಿತ್ತು. ತಪ್ಪಿರುವುದು ಒಂದು ಕಡೆ, ಬೆರಳು ತೋರಿಸುವುದು ಇನ್ನೊಂದು ಕಡೆ.

ಕಣ್ಣಿದ್ದವರಿಗೆ ಇದು ದೊಡ್ಡ ಸಂಗತಿಯಲ್ಲ, ಸ್ವಲ್ಪ ಕೆಳಗೆ ಕಣ್ಣು ಹಾಯಿಸಿದರೆ ಆಯಿತು. ಕಿವಿಯನ್ನೇ ನಂಬಿದವರು ಯಂತ್ರ ಹೇಳಿದ ಸಾಲಿಗೆ ಹೋಗಿ, ಅಲ್ಲಿಲ್ಲದ ತಪ್ಪನ್ನು ಹುಡುಕುತ್ತ ಕೂರುತ್ತಿದ್ದರು.

ನಾದಿನಿ ಹರಳಿನವರ ತಾಣದಲ್ಲಿ ಈ ದೂರು ಬರೆದು ಹಾಕಿದ್ದಳು. ಮನೆಯಲ್ಲೂ ಹೇಳಿಕೊಂಡಿದ್ದಳು. ಆಗ ಅತ್ತಿಗೆಗೆ ಒಂದು ಆಸೆ ಹುಟ್ಟಿತು. ಅವಳು ಕಾಲೇಜಿನಲ್ಲಿ ಓದಿದ್ದು ಪ್ರೋಗ್ರಾಮಿಂಗನ್ನೇ. ಕೈಗೆ ಬಂದದ್ದು ನೀರು ಸರಬರಾಜು ಕಚೇರಿಯ ಹಳೇ ಬಿಲ್ಲಿನ ತಂತ್ರಾಂಶಕ್ಕೆ ತೇಪೆ ಹಾಕುವ ಕೆಲಸ. ಆ ದೂರಿನ ಕೆಳಗೆ, ಅಳಿಲು ಎಂಬ ಹೆಸರಿನಲ್ಲಿ, ಅವಳು ಬರೆದಳು: ಇದನ್ನು ನಾನು ಮಾಡುತ್ತೇನೆ.

ಮನೆಯಲ್ಲಿ ಹೇಳಲಿಲ್ಲ. ಮುಗಿದ ಮೇಲೆ ನಾದಿನಿಯ ಮುಂದೆ ಇಟ್ಟು ಬೆರಗಾಗಿಸಬೇಕೆಂಬುದು ಒಂದು ಕಾರಣ. ಮುಗಿಯದಿದ್ದರೆ ಯಾರಿಗೂ ಗೊತ್ತಾಗಬಾರದೆಂಬುದು ಇನ್ನೊಂದು. ಎರಡನೆಯದೇ ದೊಡ್ಡದೆಂದು ಅವಳಿಗೆ ಆಗಲೇ ಗೊತ್ತಿತ್ತು.

ಅಲ್ಲೊಂದು ಪದ್ಧತಿಯಿತ್ತು. 'ನಾನು ಮಾಡುತ್ತೇನೆ' ಎಂದು ಒಬ್ಬರು ಬರೆದರೆ ಅದು ಅವರ ಕೆಲಸ. ಬೇರೆಯವರು ಕೈ ಹಾಕುವುದಿಲ್ಲ. ನಿಯಮವೆಂದು ಎಲ್ಲೂ ಬರೆದಿರಲಿಲ್ಲ, ಬರೀ ಮರ್ಯಾದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಟವೆಲ್ ಹಾಕಿದವರು ಹತ್ತಲೇ ಇಲ್ಲವಾದರೆ ಉಳಿದವರು ನಿಂತೇ ಪಯಣಿಸಬೇಕು.

ಬೆಳಿಗ್ಗೆ ಬೇಗ ಎದ್ದೂ, ಕಚೇರಿಯ ಊಟದ ಬಿಡುವಿನಲ್ಲಿ ಬಾಗಿಲ ಕಡೆ ಬೆನ್ನು ಮಾಡದೆ ಕೂತೂ ಅವಳು ಕೆಲಸ ಮಾಡಿದಳು. ಸಾಲು ಎಣಿಸುವ ಜಾಗ ಸಿಕ್ಕಿತು. ಎಣಿಕೆ ಸರಿಮಾಡಿದಳು. ಒಂದು ಕಡೆ ಸರಿಹೋಯಿತು, ಇನ್ನೊಂದು ಕಡೆ ಕೆಟ್ಟಿತು. ಹರಳು ಪ್ರೋಗ್ರಾಂ ಓದುವಾಗ ಕೆಲವೊಮ್ಮೆ ಮುಂದೆ ಹೋಗಿ ಏನಿದೆಯೆಂದು ಇಣುಕಿ, ವಾಪಸ್ ಬಂದು ಮತ್ತೆ ಓದುತ್ತಿತ್ತು. ಓದು ವಾಪಸ್ ಬರುತ್ತಿತ್ತು, ಅವಳು ಬರೆದ ಎಣಿಕೆ ವಾಪಸ್ ಬರುತ್ತಿರಲಿಲ್ಲ. ಹಾಗಾಗಿ ಮೊದಲು ಕಡಿಮೆ ಬರುತ್ತಿದ್ದ ಸಂಖ್ಯೆ ಈಗ ಹೆಚ್ಚಾಗಿ ಬರತೊಡಗಿತು. ತಿದ್ದಿದಳು, ಅಳಿಸಿದಳು, ಮತ್ತೆ ತಿದ್ದಿದಳು. ಅಲ್ಲಿಗೆ ತಲೆ ನಿಂತಿತು.

ಗೊತ್ತಾಗುತ್ತಿಲ್ಲ ಎಂದು ಒಂದು ಪದ ಬರೆದಿದ್ದರೆ ಸಾಕಿತ್ತು. ಭಾಷೆಯ ಮೇಲ್ವಿಚಾರಣೆ ನೋಡುತ್ತಿದ್ದ ಹಿರಿಯರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ಯಾರನ್ನೂ ಗದರಿಸಿದ್ದನ್ನು ಅವಳು ಓದಿರಲಿಲ್ಲ. ಆದರೂ ಅವರು 'ಹೇಗೆ ಸಾಗಿದೆ?' ಎಂದು ಕೇಳಿದಾಗ ಅವಳ ಬೆರಳು ತಾನಾಗಿ ಬರೆಯಿತು: ಇನ್ನೇನು ಮುಗೀತು.

ಆಮೇಲೆ ಕೊಡೆ ಎಂಬ ಹೆಸರಿನವನೊಬ್ಬ ಬಂದ. 'ನನಗೆ ಈ ಭಾಗ ಸ್ವಲ್ಪ ಗೊತ್ತು. ಒಂದು ಶಾಲೆಯವರು ಕಾಯುತ್ತಿದ್ದಾರಂತೆ. ನಾನು ತೆಗೆದುಕೊಳ್ಳಲೇ? ಅಥವಾ ಜೊತೆಗೆ ಕೂರಲೇ?' ಎಂದು ಕೇಳಿದ. ಅದನ್ನು ಓದಿ ಅವಳ ಮುಖ ಬಿಸಿಯಾಯಿತು. ಜೊತೆಗೆ ಕೂತರೆ ಅವಳ ಹರಕು ಎಣಿಕೆಯನ್ನು ಅವನು ನೋಡುತ್ತಾನೆ. 'ಬೇಡ, ಮುಕ್ಕಾಲು ಆಗಿದೆ' ಎಂದು ಬರೆದಳು. 'ಸಂತೋಷ, ನಿಮ್ಮದೇ ಆಗಲಿ' ಎಂದು ಅವನು ಹೊರಟುಹೋದ. ಆ ಸಂತೋಷ ಎಂಬ ಪದವೇ ಅವಳಿಗೆ ಬಹಳ ದಿನ ಚುಚ್ಚಿತು.

ಅಲ್ಲಿಂದಲೇ ಅವಳು ನೀರು ತರಲು ಹೋಗತೊಡಗಿದ್ದು.

ಒಂದು ಸಂಜೆ ನಾದಿನಿ ಬೈಯಲಿಲ್ಲ. ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಳು.

"ಏನಾಯ್ತೇ, ಅಳಿಲು ಸತ್ತೋಯ್ತಾ?" ಗಂಡ ಕೇಳಿದ.

"ಪ್ರಶ್ನೆಪತ್ರಿಕೆ ಕ್ಲಾಸು ಬಿಟ್ಟಳು ಅಣ್ಣ."

ಪ್ರಶ್ನೆಪತ್ರಿಕೆ ಎಂದರೆ ನಾದಿನಿಯ ಒಬ್ಬ ವಿದ್ಯಾರ್ಥಿನಿ. ಬಾಯಿಬಿಟ್ಟರೆ ಪ್ರಶ್ನೆ, ಆದ್ದರಿಂದ ಆ ಹೆಸರು. ತರಗತಿಯಲ್ಲಿ ಎಲ್ಲರಿಗಿಂತ ಚುರುಕು ಎಂದು ನಾದಿನಿ ಹೇಳಿಕೊಂಡು ತಿರುಗುತ್ತಿದ್ದ ಹುಡುಗಿ.

"ಯಾಕಂತೆ?" ಅವಳು ಕೇಳಿದಳು. ಈ ಸಲ ನೀರಿಗೆ ಏಳಲಿಲ್ಲ.

"ಅದೇ ಸಾಲಿನ ಗೋಳು ಅತ್ತಿಗೆ. ಬೆಳಿಗ್ಗೆಯೆಲ್ಲ ಒಂದೇ ಸಾಲು ಹಿಡಿದು ಕೂತಿದ್ದಳು. ಅಕ್ಷರ ಅಕ್ಷರ ಬಿಡಿಸಿ ಕೇಳಿಸಿಕೊಂಡಿದ್ದಾಳೆ. ಸಾಲು ಸರಿಯಾಗೇ ಇತ್ತು, ಯಂತ್ರ ತಪ್ಪು ಅಂತಿತ್ತು. ನಾನು ಹೋಗಿ ಯಂತ್ರದ್ದೇ ತಪ್ಪು ಕಣೇ ಅಂದೆ. ನಂಬಲಿಲ್ಲ. 'ನೀವು ಸಮಾಧಾನಕ್ಕೆ ಹೇಳ್ತೀರಿ ಟೀಚರ್, ಇದು ನನ್ನ ತಲೆಗೆ ಹತ್ತೋದಲ್ಲ' ಅಂದಳು. ನಮ್ಮ ಶಾಲೆಯಲ್ಲೇ ಇರೋ ಟೆಲಿಫೋನ್ ಆಪರೇಟರ್ ತರಗತಿಗೆ ಹೆಸರು ಕೊಟ್ಟಿದ್ದಾಳೆ."

ಗಂಡ ಕೂಡ ತಮಾಷೆ ಮಾಡಲಿಲ್ಲ. ಅವಳು ತಟ್ಟೆಯಲ್ಲಿದ್ದುದನ್ನು ಬೆರಳಿನಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದಳು. ಸರಿಯಾದ ಸಾಲನ್ನು ಅಷ್ಟು ಹೊತ್ತು ಅನುಮಾನಿಸುತ್ತ ಕೂತ ಹುಡುಗಿ ಕಣ್ಣ ಮುಂದಿನಿಂದ ಕದಲಲಿಲ್ಲ. ಹೇಳಿಬಿಡು ಎಂದಿತು ಒಳಗಿನ ದನಿ. ಮೊದಲು ಸರಿಮಾಡು, ಆಮೇಲೆ ಹೇಳು ಎಂದಿತು ಇನ್ನೊಂದು. ಇಷ್ಟು ದಿನ ಅವಳನ್ನು ಕೆಡಿಸಿದ್ದೇ ಆ ಎರಡನೆಯ ದನಿ.

ಮಾರನೆಯ ದಿನ ಕಚೇರಿಯಲ್ಲಿ ಊಟದ ಡಬ್ಬಿ ತೆರೆಯದೆ ಬರೆದಳು: 'ಈ ಕೆಲಸ ನನ್ನಿಂದ ಆಗಲಿಲ್ಲ. ಮುಕ್ಕಾಲು ಆಗಿದೆ ಎಂದದ್ದು ಸುಳ್ಳು. ಇಣುಕಿ ವಾಪಸ್ ಬರುವಾಗ ಎಣಿಕೆ ಕೆಡುತ್ತದೆ, ಅಲ್ಲಿ ಸಿಕ್ಕಿಕೊಂಡಿದ್ದೇನೆ. ಮಾಡಿರುವಷ್ಟನ್ನು ಹಾಗೆಯೇ ಇಟ್ಟಿದ್ದೇನೆ. ಕೊಡೆ ಅವರು ಈಗಲೂ ಒಪ್ಪಿದರೆ ತೆಗೆದುಕೊಳ್ಳಲಿ. ಕಾದವರ ಕ್ಷಮೆ ಕೇಳುತ್ತೇನೆ.' ಕಳಿಸುವ ಗುಂಡಿ ಒತ್ತುವ ಮೊದಲು ಎರಡು ಸಲ ಓದಿದಳು, ಒಂದು ಪದವನ್ನೂ ಮೃದು ಮಾಡಲಿಲ್ಲ.

ಮೇಷ್ಟ್ರು 'ಹೇಳಿದ್ದು ಒಳ್ಳೆಯದಾಯಿತು' ಎಂದಷ್ಟೇ ಬರೆದರು. ಕೊಡೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ವಾರವೇ ಅವನು ಕೆಲಸ ಮುಗಿಸಿದ. ಅವಳು ಬರೆದದ್ದರಲ್ಲಿ ಅರ್ಧ ಹಾಗೆಯೇ ಉಳಿದಿತ್ತು. ಇಣುಕುವ ಮುನ್ನ ಎಣಿಕೆಯನ್ನು ಒಂದು ಕಡೆ ಎತ್ತಿಟ್ಟು, ವಾಪಸ್ ಬಂದಾಗ ಅದನ್ನೇ ತೆಗೆದುಕೊಳ್ಳುವಂತೆ ಅವನು ಮಾಡಿದ್ದ. ಅಷ್ಟೇ. ನೋಡಿದರೆ ಅಳು ಬರುವಷ್ಟು ಸರಳ.

ಹರಳಿನ ಹೊಸ ಆವೃತ್ತಿ ಬಂದ ದಿನ ನಾದಿನಿ ಫೋನು ಹಿಡಿದುಕೊಂಡೇ ಊಟಕ್ಕೆ ಬಂದಳು.

"ಸರಿಹೋಯ್ತು ಅತ್ತಿಗೆ. ಆದ್ರೆ ಇಲ್ಲಿ ನೋಡಿ, ಮಾಡಿದವರ ಹೆಸರು ಹಾಕಿದ್ದಾರೆ. ಅಳಿಲು ಮತ್ತು ಕೊಡೆ ಅಂತೆ. ಅಳಿಲಿನ ಹೆಸರು ಮೊದಲು. ಕೂಲಿ ಒಬ್ಬರದು, ಕೀರ್ತಿ ಇನ್ನೊಬ್ಬರದು."

"ಮುಖ ಇಲ್ಲದವರಿಗೆ ನಾಚಿಕೆ ಎಲ್ಲಿಂದ ಬರಬೇಕು?" ಎಂದ ಗಂಡ.

ಅವಳು ಎದ್ದಳು. ಜಗ್ಗಿನ ಮೇಲೆ ಕೈಯಿಟ್ಟಳು. ತುಂಬಿದ ಜಗ್ಗು. ಅದನ್ನು ಎತ್ತದೆ ಮತ್ತೆ ಕೂತಳು.

"ಅಳಿಲು ನಾನೇ."

ಗಂಡ ನಗಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ. ಅವಳು ಹೇಳಿದಳು. ಬೆರಗಾಗಿಸಬೇಕೆಂದಿದ್ದು, ತಲೆ ನಿಂತದ್ದು, ಕೊಡೆಯನ್ನು ವಾಪಸ್ ಕಳಿಸಿದ್ದು, ಮುಕ್ಕಾಲು ಎಂಬ ಸುಳ್ಳು. ಹೇಳುತ್ತ ಹೋದಂತೆ ಹಗುರಾಗುತ್ತದೆಂದು ಎಲ್ಲರೂ ಅನ್ನುತ್ತಾರೆ. ಅವಳಿಗೆ ಹಾಗೇನೂ ಆಗಲಿಲ್ಲ.

ನಾದಿನಿ ಫೋನನ್ನು ಮಗುಚಿ ಮೇಜಿನ ಮೇಲಿಟ್ಟಳು. "ನಾನು ಇಷ್ಟು ದಿನ ನಿಮ್ಮ ಎದುರಿಗೇ ಬೈತಿದ್ದೆ," ಎಂದಳು. "ನೀವು ಬಡಿಸ್ತಾನೇ ಇದ್ರಿ."

"ಹೂಂ."

"ಕೊಡೆ ಯಾರು ಗೊತ್ತಾ? ನಮ್ಮ ಶಾಲೆಯ ಕಂಪ್ಯೂಟರ್ ರಿಪೇರಿಯವನು. ನಾನೇ ಕೈಮುಗಿದು ಕೇಳಿಕೊಂಡು ಕಳಿಸಿದ್ದೆ. 'ಅವರು ಬೇಡ ಅಂದ್ರು, ಇನ್ನೊಬ್ಬರ ಕೆಲಸ ಕಿತ್ಕೊಳ್ಳೋದು ಸರಿಯಲ್ಲ' ಅಂತ ವಾಪಸ್ ಬಂದ."

"ಕ್ಷಮಿಸು" ಎಂದಳು ಅವಳು ಸಣ್ಣ ದನಿಯಲ್ಲಿ.

"ನನ್ನನ್ನ ಕೇಳ್ಬೇಡಿ ಅತ್ತಿಗೆ. ನಾನು ಬೈದು ತೀರಿಸಿಕೊಂಡಿದ್ದೀನಿ. ನಾಳೆ ರಜೆ ಹಾಕಿ ಶಾಲೆಗೆ ಬನ್ನಿ. ಅವಳಿಗೆ ಹೇಳಿ. ನಾನು ಹೇಳಿದ್ರೆ ಸಮಾಧಾನ ಅಂತಾಳೆ, ನೀವು ಹೇಳಿದ್ರೆ ನಂಬಬಹುದು."

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕಿಟಕಿ ಮುಚ್ಚಿದ್ದರೂ ದೀಪಗಳು ಆರಿದ್ದವು. ಉರಿಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಪ್ರಶ್ನೆಪತ್ರಿಕೆ ಉದ್ದನೆಯ ಹುಡುಗಿ. ಕುರ್ಚಿಯ ಬೆನ್ನಿಗೆ ಒರಗದೆ ಕೂತು, ಎಲ್ಲವನ್ನೂ ತಡೆಯದೆ ಕೇಳಿಸಿಕೊಂಡಳು.

"ಹಾಗಾದ್ರೆ ನಾನು ಹುಡುಕಿದ ಸಾಲು ಸರಿ ಇತ್ತಾ?"

"ಸರಿ ಇತ್ತು."

"ಇದು ನಿಮಗೆ ಆವಾಗ್ಲೇ ಗೊತ್ತಿತ್ತಾ?"

"ಯಂತ್ರ ತಪ್ಪು ಹೇಳುತ್ತೆ ಅಂತ ಗೊತ್ತಿತ್ತು. ಅದನ್ನ ಸರಿಮಾಡೋರನ್ನ ನಾನೇ ತಡೆದಿದ್ದೆ."

"ಯಾಕೆ?"

ಈ ಪ್ರಶ್ನೆಗೆ ಅವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡಿದ್ದಳು. ಅದೆಲ್ಲ ಈಗ ನೆವದಂತೆ ಕೇಳಿಸಿತು. "ನನಗೆ ಬರಲ್ಲ ಅಂತ ಒಪ್ಪಿಕೊಳ್ಳೋಕೆ ನಾಚಿಕೆ ಆಯ್ತು," ಎಂದಳು.

"ನಾನು ಒಂದು ದಿನದಲ್ಲಿ ಒಪ್ಪಿಕೊಂಡುಬಿಟ್ಟೆ," ಎಂದಳು ಹುಡುಗಿ. ಅದರಲ್ಲಿ ಕುಹಕವಿರಲಿಲ್ಲ, ಅದೇ ಹೆಚ್ಚು ತಾಗಿತು.

"ಟೆಲಿಫೋನ್ ಕ್ಲಾಸು ಹೇಗಿದೆ?" ಬಾಗಿಲಲ್ಲಿ ನಿಂತಿದ್ದ ನಾದಿನಿ ಕೇಳಿದಳು.

"ಚೆನ್ನಾಗಿದೆ ಟೀಚರ್. ಅಲ್ಲಿ ಪ್ರಶ್ನೆ ಕೇಳೋದು ಆ ಕಡೆಯವರು." ಹುಡುಗಿ ಹೆಡ್‌ಫೋನಿಗೆ ಕೈ ಚಾಚಿ, ಮತ್ತೆ ಹಿಂದೆಗೆದುಕೊಂಡಳು. "ಸ್ಪೀಕರ್‌ನಲ್ಲೇ ಹಾಕ್ತೀನಿ. ಇವರೂ ಕೇಳಲಿ."

ಅವಳ ಬೆರಳು ಕೀಲಿಮಣೆಯ ಮೇಲೆ ಓಡಿತು. ಬೇಕೆಂದೇ ಒಂದು ತಪ್ಪು ಮಾಡಿದಳು. ಯಂತ್ರ ಸಾಲಿನ ಸಂಖ್ಯೆ ಹೇಳಿತು, ಸರಿಯಾಗಿತ್ತು. ಮೇಲೆ ಉದ್ದನೆಯ ವಾಕ್ಯ ಹರಡಿ, ಕೆಳಗೆ ಇನ್ನೊಂದು ತಪ್ಪಿಟ್ಟಳು. ಸರಿ. ವಾಕ್ಯದೊಳಗೊಂದು ವಾಕ್ಯ ಸಿಕ್ಕಿಸಿದಳು. ಸರಿ. ನಂಬಿಕೆ ಹುಟ್ಟಲು ಅಷ್ಟು ಸಾಲದೆಂಬಂತೆ ಮತ್ತೆ ಮತ್ತೆ ಕೆಡಿಸಿ ಕೇಳಿದಳು.

ಕೊನೆಗೆ ಒಂದು ವಾಕ್ಯವನ್ನು ಮುಚ್ಚದೆಯೇ ಪ್ರೋಗ್ರಾಂ ಮುಗಿಸಿದಳು. ಯಂತ್ರ ಒಂದು ಸಂಖ್ಯೆ ಹೇಳಿತು.

"ಅಷ್ಟು ಸಾಲೇ ನಾನು ಬರೆದಿಲ್ಲ," ಎಂದಳು ಹುಡುಗಿ. ಅವಳ ಮುಖದಲ್ಲಿ ಬೆಳಿಗ್ಗೆಯಿಂದ ಇಲ್ಲದ ಒಂದು ಚುರುಕು ಬಂತು. "ಇದು ನನ್ನ ತಪ್ಪಲ್ಲ, ಅಲ್ವಾ?"

ಅಳಿಲು ಎದ್ದು ನಿಂತು ಪರದೆಯ ಮೇಲೆ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. "ನಿನ್ನದಲ್ಲ. ನಮ್ಮದು."

"ಹಾಗಾದ್ರೆ ಯಾರು ಸರಿಮಾಡ್ತಾರೆ?"

ನಾನು ಮಾಡುತ್ತೇನೆ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸಲೀಸಾಗಿ ಬರುತ್ತದೆ ಎಂದು ಅವಳಿಗೇ ಹೆದರಿಕೆಯಾಯಿತು. ಬಾಗಿಲ ಕಡೆ ನೋಡಿದಳು. ನಾದಿನಿ ಕೈಕಟ್ಟಿಕೊಂಡು ಕಾಯುತ್ತಿದ್ದಳು.

"ಗೊತ್ತಿಲ್ಲ," ಎಂದಳು. "ಮೊದಲು ದೂರು ಬರೀಬೇಕು. ನೀನೇ ಬರಿ, ನೀನು ಕಂಡುಹಿಡಿದದ್ದು. ಹೇಗೆ ಬರೆಯೋದು ಅಂತ ಪಕ್ಕದಲ್ಲಿ ಕೂತು ಹೇಳ್ತೀನಿ. ಅದಷ್ಟು ನನಗೆ ಬರುತ್ತೆ."

ಹುಡುಗಿ ಕುರ್ಚಿಯನ್ನು ಸರಿಸಿ ಜಾಗ ಮಾಡಿದಳು. ದೂರು ಬರೆಯುತ್ತ ಹೋದಳು, ಯಂತ್ರ ಪ್ರತಿ ಪದವನ್ನೂ ಹಿಂದಿನಿಂದಲೇ ಓದುತ್ತ ಬಂತು. ಕೊನೆಯಲ್ಲಿ, ಈ ಕೆಲಸ ಯಾರದು ಎಂಬ ಜಾಗ ಬಂದಾಗ ಬೆರಳು ನಿಲ್ಲಿಸಿ, "ಇಲ್ಲಿ ಏನು ಹಾಕಲಿ?" ಎಂದಳು.

"ಖಾಲಿ ಬಿಡು," ಎಂದಳು ಅಳಿಲು.