ಅಮ್ಮನ ಅಕ್ಷರ

ತನ್ನ ಹೊಲಿಗೆ ಯಾವುದು, ಬೇರೆಯವರದು ಯಾವುದು ಅಂತ ಟೈಲರಮ್ಮನಿಗೆ ಬೆರಳು ಆಡಿಸಿದರೆ ಗೊತ್ತಾಗುತ್ತಿತ್ತು. ಆದರೆ ಅವತ್ತು ಬೆಳಿಗ್ಗೆ ಟೀಚರ್ ಮೇಜಿನ ಮೇಲೆ ಬಿಚ್ಚಿಟ್ಟ ಮಗಳು ಗುಬ್ಬಿಯ ನೋಟ್‌ಬುಕ್ ನೋಡಿ ಅವಳಿಗೆ ತಲೆ ಗಿರ್ರೆಂದಿತು. ಅಕ್ಷರವೇನೋ ತನ್ನದೇ. ಆದರೆ ಬರೆದದ್ದು ತಾನಲ್ಲ.

“ಹದಿನಾಲ್ಕು ವರ್ಷದವಳಿಗೆ ನೀವು ಬರೆದುಕೊಟ್ರೆ ಅವಳು ಕಲಿಯೋದು ಯಾವಾಗಮ್ಮ?” ಎಂದರು ಟೀಚರ್. “ಗುಬ್ಬಿಗೆ ಆಟಿಸಂ ಇದೆ ಅಂತ ನಮಗೂ ಗೊತ್ತು, ಅದಕ್ಕೇ ಹೆಚ್ಚು ಟೈಮ್ ಕೊಡ್ತೀವಿ. ಆದ್ರೆ ನೋಟ್ಸ್ ಅವಳೇ ಬರೀಬೇಕು. ಇಲ್ಲಾಂದ್ರೆ ಪರೀಕ್ಷೆಗೆ ಕೂರಿಸೋಕಾಗಲ್ಲ.”

“ದೇವರಾಣೆ ನಾನಲ್ಲ ಮೇಡಂ. ಅಂಗಿ ಅಳತೆ ಬರಕೊಳ್ಳೋಕೇ ನಂಗೆ ಪುರುಸೊತ್ತಿಲ್ಲ, ಇನ್ನು ಎಲೆ ಹೆಂಗೆ ಉಸಿರಾಡುತ್ತೆ ಅಂತ ಎಲ್ಲಿ ಬರೀಲಿ?”

“ಹಾಗಾದ್ರೆ ಈ ತಲೆಕಟ್ಟು?”

ಅಕ್ಷರದ ನೆತ್ತಿಗೆ ಅಂಟಿಕೊಂಡಿರಬೇಕಾದ ಗೀಟು ಗಾಳಿಗೆ ಹಾರಿದ ಟೋಪಿಯಂತೆ ಅಷ್ಟು ದೂರ ಹೋಗಿತ್ತು. ಟೈಲರಮ್ಮ ಕಳಿಸಿದ್ದ ರಜೆ ಚೀಟಿಗಳಲ್ಲೂ ಹಾಗೇ. ಇಂಥದೊಂದು ಚಾಳಿ ತನಗಿದೆ ಅಂತ ಅವಳಿಗೇ ಗೊತ್ತಿರಲಿಲ್ಲ.

“ಎಲ್ಲಿ, ಒಂದು ಸಾಲು ಬರೀರಿ ನೋಡೋಣ.”

ತಲೆಕಟ್ಟು ಹಾರದಂತೆ ನೋಡಿಕೊಂಡು ಟೈಲರಮ್ಮ ಒಂದೊಂದೇ ಅಕ್ಷರ ಬರೆದಳು. ಅಕ್ಷರಗಳು ಹೆದರಿದ ಮಕ್ಕಳಂತೆ ಮುದುರಿ ಕೂತವು. ತಲೆಕಟ್ಟುಗಳೆಲ್ಲ ಜಾಗದಲ್ಲೇ ಇದ್ದವು.

“ಹೊಂದ್ತಾನೇ ಇಲ್ಲವಲ್ಲ! ಬೇಕಂತಲೇ ಬೇರೆ ಥರ ಬರೆದ್ರಾ?”

“ನಂಗೂ ಗೊತ್ತಾಗ್ತಿಲ್ಲ ಮೇಡಂ.”

ಟೀಚರ್ ಗುಬ್ಬಿಯನ್ನು ಕರೆಸಿ ಬಿಳಿ ಹಾಳೆ ಕೊಟ್ಟರು. ನೋಟ್‌ಬುಕ್ಕಿನಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ‘ಇದು ಯಾರ ಕೈಬರಹ?’ ಎಂದು ಬರೆದಿದ್ದರು. ಗುಬ್ಬಿ ಅದನ್ನೇ ಸ್ವಲ್ಪ ಹೊತ್ತು ನೋಡಿ, ಪಾಠದ ಎರಡು ಸಾಲು ಸರಸರನೆ ಬರೆದಳು. ದುಂಡನೆಯ, ಬಲಕ್ಕೆ ವಾಲಿದ, ಕೊಂಬು ಸುರುಳಿ ಸುತ್ತಿದ ಅಕ್ಷರ. ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ಅದು ಅವರದೇ ಅಕ್ಷರ.

“ಏನೇ ಇದು! ಈಗ ನಾನೇ ಬರೆದುಕೊಟ್ಟೆ ಅಂತಾರಲ್ಲೇ ಎಲ್ರೂ!”

ಟೈಲರಮ್ಮನಿಗೆ ನಗು ಬಂತು. ನಗುವ ಹೊತ್ತಲ್ಲವೆಂದು ನುಂಗಿಕೊಂಡಳು.

“ನಿಂದೇ ಅಕ್ಷರದಲ್ಲಿ ಬರಿ ಪುಟ್ಟಿ,” ಎಂದಳು ಮಗಳಿಗೆ.

“ಬೇಡಮ್ಮ. ನನ್ನ ಅಕ್ಷರಕ್ಕೆ ದಾರಿ ಗೊತ್ತಿಲ್ಲ.”

“ಒಂದೇ ಸಲ.”

ಗುಬ್ಬಿ ಪೆನ್ನು ಒತ್ತಿ ಹಿಡಿದಳು. ಉಗುರು ಬೆಳ್ಳಗಾಯಿತು. ಒಂದಕ್ಷರ ನಿಂಬೆಹಣ್ಣಿನಷ್ಟಾದರೆ ಇನ್ನೊಂದು ಸಾಸಿವೆಯಷ್ಟು. ಸಾಲು ಮೇಲಕ್ಕೆ ಹತ್ತಿ ಹಾಳೆಯಿಂದಾಚೆ ಜಾರಿತು. ಮೂರು ಪದ ಮುಗಿಯುವಷ್ಟರಲ್ಲಿ ಕಾಗದ ಹರಿದಿತ್ತು. ಒಂದನೇ ಕ್ಲಾಸಿನ ನಂತರ ಅಮ್ಮ ಈ ಅಕ್ಷರ ನೋಡಿಯೇ ಇರಲಿಲ್ಲ. ಹೊಲಿಯುತ್ತಲೇ ಮಗಳ ಪುಸ್ತಕದ ಕಡೆ ಕಣ್ಣು ಹಾಯಿಸಿ, ತಾನಾಗಿ ಸರಿಹೋಯಿತು ಅಂದುಕೊಂಡು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

“ಅಮ್ಮಂದು ಸುಲಭ,” ಎಂದಳು ಗುಬ್ಬಿ, ಬೆರಳು ಮಡಚಿ ಬಿಚ್ಚುತ್ತ. “ಅಳತೆ ಪುಸ್ತಕದಲ್ಲಿ ನೋಡಿ ನೋಡಿ ತಲೇಲಿ ಇಟ್ಕೊಂಡಿದೀನಿ. ಅದರ ಮೇಲೇ ಹೋಗ್ತೀನಿ. ಕೈ ನೋಯಲ್ಲ.”

ಟೀಚರ್ ಹಾಳೆಗಳನ್ನು ಅತ್ತಿಂದಿತ್ತ ಸರಿಸಿದರು. ಹರಿದದ್ದನ್ನು ಓದುವವರಿಲ್ಲ, ಚೆಂದದ್ದನ್ನು ನಂಬುವವರಿಲ್ಲ. ಕೊನೆಗೆ ನಿಟ್ಟುಸಿರಿಟ್ಟು, “ಪರೀಕ್ಷೆ ಬರೀಲಿ. ಪಕ್ಕದಲ್ಲಿ ನಾನೇ ಕೂತು ನೋಡ್ತೀನಿ, ನಾನೇ ಸಹಿ ಹಾಕ್ತೀನಿ,” ಎಂದರು.

“ಯಾವ ಅಕ್ಷರದಲ್ಲಿ ಮೇಡಂ?”

“ನಿಮ್ಮದರಲ್ಲೇ ಬರೀಲಿ. ನಂದು ಮಾತ್ರ ಬೇಡಮ್ಮ!”

ಗುಬ್ಬಿ ಅಮ್ಮ ಬರೆದ ಮುದುರಿದ ಸಾಲನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ ನೋಟ್‌ಬುಕ್ ನೋಡಿದಳು. ಮತ್ತೆ ಸಾಲು.

“ಅಮ್ಮಾ, ಇದಾ ಅದಾ? ನಿಂದು ಯಾವುದು?”

ಟೈಲರಮ್ಮ ಎರಡರ ಮೇಲೂ ಬೆರಳು ಆಡಿಸಿದಳು, ಹೊಲಿಗೆಯಂತೆ ಗೊತ್ತಾಗಲಿಲ್ಲ. ಟೀಚರ್ ಕಡೆ ನೋಡಿದಳು. ಅವರೂ ಇವಳನ್ನೇ ನೋಡುತ್ತಿದ್ದರು.