ಬೆಳಕು ಹತ್ತದ ಕೋಶ

ಹೆಂಡತಿಯ ಸಮಾಧಿಗೆ ಹಿಡಿಮಣ್ಣು ಹಾಕಿ ಬಂದ ಬೇಕರಿಯವನು ನಲ್ಲಿಯಡಿ ಕೈ ತೊಳೆಯುತ್ತಿದ್ದಾಗ, ಅವಳ ಲ್ಯಾಬಿನ ಕಿರಿಯ ಸಂಶೋಧಕಿ ಆಗಲೇ ಗೇಟಿನ ಕಡೆ ಹೊರಟಿದ್ದಳು.

"ಮಣ್ಣು ಹಾಕಿದ ಕೈ ಇನ್ನೂ ಒಣಗಿಲ್ಲ, ಆಗ್ಲೇ ಡ್ಯೂಟಿನಾ?" ಎಂದು ಅವನ ತಂಗಿ ತಡೆದಳು.

"ಇವತ್ತು ಊಟ ಹಾಕದಿದ್ರೆ ಲ್ಯಾಬಿನ ಕೋಶಗಳು ಸೊರಗ್ತಾವೆ."

"ಅತ್ತಿಗೇದೂ ಇದೇ ರಾಗ. ಭಾನುವಾರವೂ ಬಾಟಲಿಗಳಿಗೆ ಊಟ ಅಂತ ಓಡೋಳು. ಅಣ್ಣ ಮಾತ್ರ ಮಾರಾಟವಾಗದ ಬನ್ನು ತಿನ್ಕೊಂಡಿರ್ಬೇಕು."

ಬೇಕರಿಯವನ ಮುಖದಲ್ಲಿ ನಗು ಸುಳಿಯಿತು. "ಈ ಸಲ ಯಾರ ಕೋಶನಮ್ಮಾ?"

ಹುಡುಗಿ ತಡವರಿಸಿದಳು. "ಅಕ್ಕಂದೇ, ಭಾವ."

ಆಪರೇಷನ್‌ನಲ್ಲಿ ತೆಗೆದ ತನ್ನ ಕ್ಯಾನ್ಸರ್ ಗಡ್ಡೆಯ ಚೂರನ್ನು ಅವನ ಹೆಂಡತಿ ಸಂಶೋಧನೆಗೆ ಕೊಟ್ಟಿದ್ದಳು. ಗಂಡನಿಗೆ ಹೇಳಿರಲಿಲ್ಲ. ಅವಳ ಮೈ ಈಗ ಮಣ್ಣಿನಲ್ಲಿತ್ತು. ಆ ಕೋಶಗಳು ಮೈಬಿಸಿಯಷ್ಟೇ ಕಾವಿನ ಪೆಟ್ಟಿಗೆಯಲ್ಲಿ ಬೆಳೆಯುತ್ತಿದ್ದವು.

"ಅವಳನ್ನ ತಿಂದಿದ್ದಕ್ಕೆ ಊಟ ಹಾಕ್ತೀರಾ?" ಎಂದ ಬೇಕರಿಯವನು.

"ತಾನು ಹೋದ್ಮೇಲೆ ನಿಮ್ಮ ಮಾತೇ ಕೊನೆ ಅಂತ ಅಕ್ಕ ಹೇಳಿಟ್ಟಿದಾರೆ. ಬೇಡ ಅಂದ್ರೆ ಬಿಸಾಡ್ತೀವಿ."

"ಬಿಸಾಡು. ನಾನೂ ಬರ್ತೀನಿ. ಅದು ಸಾಯೋದನ್ನ ಕಣ್ಣಾರೆ ನೋಡ್ಬೇಕು."

*

ಹಿಂದಿನ ಚಳಿಗಾಲದಲ್ಲಿ ಆಕೆ ತನ್ನದೇ ಕೋಶಗಳ ತಟ್ಟೆಗೆ ಕೆಂಪು ಔಷಧಿ ಹನಿಸಿದ್ದಳು. ಮಣ್ಣಿನ ಸೂಕ್ಷ್ಮಾಣುವಿನಿಂದ ಬಂದ ಆ ಪ್ರತಿಜೀವಕ ಕ್ಯಾನ್ಸರ್ ಗಡ್ಡೆಗಳಿಗೆ ಕೊಡುವ ಔಷಧಿ. ಅದೇ ವಾರ ಅವಳ ರಕ್ತಕ್ಕೂ ಅದು ಇಳಿದಿತ್ತು. ಬೋಳಾದ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಅದರ ವಿಶೇಷ ದೀಪದಡಿ ಔಷಧಿ ಒಂದೊಂದೇ ಕೋಶದ ಕೇಂದ್ರಕ್ಕೆ ಹೊಕ್ಕು ಕೆಂಪಗೆ ಹೊಳೆಯುತ್ತಿತ್ತು.

"ಬಾರೇ ಇಲ್ಲಿ. ಊರಿಗೂರೇ ದೀಪ ಹಚ್ಚಿದ ಹಾಗಿದೆ, ನನ್ನೊಳಗೆ."

ನೋಡಿದ ಹುಡುಗಿಯ ಕಣ್ಣು ತುಂಬಿತು.

"ದೂರ ನಿಂತು ಅಳು. ತಟ್ಟೆಗೆ ಬಿದ್ರೆ ಬೂಷ್ಟು ಬರತ್ತೆ."

*

ಲ್ಯಾಬಿನಲ್ಲಿ ಹುಡುಗಿ ಹಿಂದಿನ ದಿನ ಔಷಧಿ ಹಾಕಿದ್ದ ತಟ್ಟೆಯನ್ನು ತಂದು ಸೂಕ್ಷ್ಮದರ್ಶಕದಡಿ ಇಟ್ಟಳು. ಬೇಕರಿಯವನು ಬಗ್ಗಿ ನೋಡಿದ. ಕತ್ತಲಲ್ಲಿ ನೂರಾರು ಕೆಂಪು ಚುಕ್ಕೆಗಳು. ಬೈಯಲೆಂದು ಬಂದವನು ಇನ್ನೂ ಹತ್ತಿರಕ್ಕೆ ಬಾಗಿದ.

"ಸತ್ವಾ?" ಎಂದ.

"ಇನ್ನೂ ಇಲ್ಲ. ಎರಡಾಗೋ ಶಕ್ತಿ ಹೋಗಿದೆ. ನಾಳೆ ನಾಡಿದ್ದರಲ್ಲಿ ಸಾಯ್ತಾವೆ."

"ಇಲ್ಲಿ ಸಾಯೋದು ಅವಳೊಳಗೆ ಯಾಕೆ ಸಾಯ್ಲಿಲ್ಲ?"

ಹುಡುಗಿ ಸಾದಾ ದೀಪವನ್ನೂ ಹಾಕಿ, ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿದಳು. "ನಡುವೆ ಕೆಂಪಾಗದೇ ಇರೋದೊಂದಿದೆ, ನೋಡಿ. ಒಳಗೆ ಬಂದ ಔಷಧಿನ ಅದು ಹೊರಗೆ ತಳ್ತಿರಬೇಕು. ಅಂಥವು ಕೆಲವೇ. ಅಕ್ಕನ್ನ ಸೋಲಿಸಿದ್ದೂ ಅಂಥವೇ ಅನ್ಸತ್ತೆ. ಹೇಗೆ ಅಂತ ತಿಳೀಬೇಕಾದ್ರೆ ಅವು ಬದುಕಿರ್ಬೇಕು. ಅಕ್ಕ ಕೊನೇವರೆಗೂ ಅದರ ಬೆನ್ನು ಬಿದ್ದಿದ್ರು."

ಅವನು ಆ ಒಂದೇ ಕೋಶವನ್ನು ನೋಡುತ್ತಲೇ ಇದ್ದ.

"ಏನ್ಮಾಡ್ಲಿ, ಭಾವ? ಬಿಸಾಡ್ಲಾ?"

"ಊಟ ಹಾಕು." ಅವನ ದನಿ ಪಿಸುಮಾತಿಗಿಳಿದಿತ್ತು. "ಈಗಲೇ ಬೇಡ, ತಾಳು. ಅಲುಗಾಡಿಸ್ಬೇಡ."

ಕೆಂಪು ಚುಕ್ಕೆಗಳ ನಡುವೆ, ಬೆಳಕು ಹತ್ತದ ಆ ಒಂದು ಕೋಶ ದುಂಡಗಾಗಿ, ನಡು ಸಣ್ಣಗೆ ಹಿಂಡಿಕೊಂಡು, ನಿಧಾನವಾಗಿ ಎರಡಾಗುತ್ತಿತ್ತು.